ಮಗುವನ್ನು ಕರೆತರುವ ಕಾನೂನು, ಹಾಲನ್ನು ಒಯ್ಯುವ ಕಾನೂನು

ಭಾರತದ ಹೆರಿಗೆ ಸೌಲಭ್ಯ ಕಾಯ್ದೆಯನ್ನೂ ಕೆಲಸದ ಜಾಗದಲ್ಲಿ ಎದೆಹಾಲು ತೆಗೆಯಲು ಬಿಡುವು ಕೊಡಿಸುವ ಅಮೆರಿಕದ ಪಂಪ್ ಕಾಯ್ದೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ವ್ಯತ್ಯಾಸ ತಟ್ಟನೆ ಕಾಣುತ್ತದೆ. ನಮ್ಮ ಕಾಯ್ದೆ ಬರೆದವರ ಕಣ್ಣಮುಂದೆ ಇದ್ದದ್ದು ತಾಯಿ ದುಡಿಯುವ ಜಾಗದ ಹತ್ತಿರದಲ್ಲೇ ತೊಟ್ಟಿಲಲ್ಲಿ ಮಲಗಿರುವ ಕೂಸು. ಅಮ್ಮ ನಡುವೆ ಎದ್ದು ಹೋಗಿ ಹಾಲೂಡಿಸಿ ಬರುತ್ತಾಳೆ, ಅದಕ್ಕೆ ಬಿಡುವು ಕೊಡಿ ಎನ್ನುತ್ತದೆ ಕಾಯ್ದೆ. ಅಮೆರಿಕದ ಕಾಯ್ದೆ ಕೂಸು ಎಲ್ಲಿದೆ ಎಂದು ಕೇಳುವುದೇ ಇಲ್ಲ. ಅದು ಎಲ್ಲೋ ದೂರದಲ್ಲಿದೆ, ತಾಯಿ ಹಾಲನ್ನು ಯಂತ್ರದಲ್ಲಿ ತೆಗೆದು ಬಾಟಲಿಯಲ್ಲಿ ಮನೆಗೆ ಒಯ್ಯುತ್ತಾಳೆ ಎಂದು ಹಿಡಿದೇ ಅದು ಹೊರಡುತ್ತದೆ. ನ್ಯೂಜೆರ್ಸಿಯಲ್ಲಿ ನೆಲೆಸಿ, ಇಲ್ಲಿಯ ಕನ್ನಡದ ಬಾಣಂತಿಯರನ್ನೂ ಬೆಂಗಳೂರು, ಹುಬ್ಬಳ್ಳಿಯಲ್ಲಿರುವ ನಮ್ಮವರನ್ನೂ ಹತ್ತಿರದಿಂದ ಬಲ್ಲ ನನ್ನ ಅನಿಸಿಕೆ ಇಷ್ಟು: ರಜೆಯ ವಿಷಯದಲ್ಲಿ ಅಮೆರಿಕ ನಮ್ಮಿಂದ ಕಲಿಯಲಿ, ಕೆಲಸಕ್ಕೆ ಮರಳಿದ ಮೇಲಿನ ಏರ್ಪಾಡನ್ನು ನಾವು ಅಮೆರಿಕದಿಂದ ಕಲಿಯೋಣ. ಏಕೆಂದರೆ ಬೆಂಗಳೂರಿನ ಕೂಸು ಈಗ ಆಫೀಸಿನ ಪಕ್ಕದ ತೊಟ್ಟಿಲಲ್ಲಿಲ್ಲ, ಅಜ್ಜಿಯ ಮಡಿಲಲ್ಲಿದೆ.

ಮೊದಲು ರಜೆಯ ಲೆಕ್ಕ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ, ಮೂರನೆಯದಕ್ಕೆ 12 ವಾರ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿರಬೇಕು. 1961ರ ಈ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದ್ದರೂ ಈ ಅಂಶಗಳು ಹಾಗೇ ಉಳಿದಿವೆ. 26 ವಾರದಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ನಮ್ಮಲ್ಲಿ ಹಲವರು ಎಡವುವುದು ಇಲ್ಲೇ. ಸೀಮಂತ ಮುಗಿಸಿ ತವರಿಗೆ ಹೊರಟು ಆ 8 ವಾರವನ್ನೂ ಅಲ್ಲೇ ಕಳೆದರೆ ಕೂಸು ಹುಟ್ಟಿದ ಮೇಲೆ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳು ಚಿಲ್ಲರೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ಆಮೇಲೆ ಮೇಲೂಟದ ಜೊತೆ ಎರಡು ವರ್ಷ ಮತ್ತು ಅದರಾಚೆಗೂ ಹಾಲು ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಸುರಿನಲ್ಲಿ ತೊಂದರೆಯಿಲ್ಲ, ಕೆಲಸ ಮಾಡಬಹುದು ಎಂದು ವೈದ್ಯರು ಹೇಳಿದರೆ, ಮನೆಯಿಂದಲೇ ಮಾಡುವ ಕೆಲಸವಾದರೆ, ರಜೆಯನ್ನು ಹೆರಿಗೆಯ ಹತ್ತಿರಕ್ಕೆ ತಳ್ಳಿ ಉಳಿಸಿಕೊಂಡಷ್ಟೂ ಕೂಸಿಗೆ ಲಾಭ.

ಅಮೆರಿಕದಲ್ಲಿ ಈ ಲೆಕ್ಕವೇ ಬೇರೆ. ದೇಶಕ್ಕೆಲ್ಲ ಅನ್ವಯಿಸುವ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಅದಕ್ಕೂ 50 ಜನರಿರುವ ಕಂಪನಿ, ಒಂದು ವರ್ಷದ ನೌಕರಿ, ಆ ವರ್ಷದಲ್ಲಿ 1,250 ಗಂಟೆ ದುಡಿಮೆ ಎಂಬ ಷರತ್ತುಗಳು. ನ್ಯೂಜೆರ್ಸಿಯಂಥ ಕೆಲವು ರಾಜ್ಯಗಳು ತಮ್ಮದೇ ವಿಮೆ ಮಾಡಿಕೊಂಡಿವೆ. ಇಲ್ಲಿ ಹೆರಿಗೆಯ ಚೇತರಿಕೆಗೆ ಸಾಮಾನ್ಯವಾಗಿ 6 ವಾರ, ಸಿಸೇರಿಯನ್ ಆದರೆ 8 ವಾರ, ಅದರ ಮೇಲೆ ಕೂಸಿನ ಆರೈಕೆಗೆ 12 ವಾರ, ಸಂಬಳದ ಶೇ. 85ರಷ್ಟು, ಒಂದು ಮಿತಿಯವರೆಗೆ. ಇಂಥ ವಿಮೆ ಇಲ್ಲದ ರಾಜ್ಯಗಳಲ್ಲಿರುವ ನಮ್ಮ ಹೆಣ್ಣುಮಕ್ಕಳು ಕೂಸಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಕೆಲಸದ ಮೇಜಿಗೆ ಮರಳಿರುತ್ತಾರೆ. ಮೂರನೇ ತಿಂಗಳ ಕೂಸಿಗೆ ಹಾಲೇ ಊಟ, ಹಾಲೇ ನೀರು. ಅಂಥದನ್ನು ಬಿಟ್ಟು ಹೋಗಬೇಕಾದ ತಾಯಿಯ ಸಂಕಟಕ್ಕೆ ಇಷ್ಟು ಸಿರಿವಂತ ದೇಶ ಕಿವಿಗೊಡದಿರುವುದು ತಪ್ಪು ಎಂದೇ ನಾನು ಹೇಳುತ್ತೇನೆ.

ಆದರೆ ಆ ತಾಯಿ ಕೆಲಸಕ್ಕೆ ಬಂದ ದಿನದಿಂದ ಆಕೆಯ ಕೈಯಲ್ಲಿ ಒಂದು ಗಟ್ಟಿ ಹಕ್ಕಿದೆ. 2022ರ ಡಿಸೆಂಬರ್ 29ರಂದು ಸಹಿಯಾದ ಪಂಪ್ ಕಾಯ್ದೆಯ ಪ್ರಕಾರ, ಕೂಸಿಗೆ ಒಂದು ವರ್ಷ ತುಂಬುವವರೆಗೆ ಆಕೆಗೆ ಹಾಲು ತೆಗೆಯಬೇಕೆನಿಸಿದಾಗಲೆಲ್ಲ ಬಿಡುವು ಕೊಡಬೇಕು. ಜಾಗ ಶೌಚಾಲಯವಾಗಿರಕೂಡದು, ಹೊರಗಿನವರ ಕಣ್ಣಿಗೆ ಬೀಳಕೂಡದು, ನಡುವೆ ಯಾರೂ ನುಗ್ಗಕೂಡದು. ಮೊದಲಿದ್ದ 2010ರ ನಿಯಮದಿಂದ ಹೊರಗುಳಿದಿದ್ದ ಎಷ್ಟೋ ಶಿಕ್ಷಕಿಯರು, ನರ್ಸುಗಳು ಈಗ ಒಳಗೆ ಬಂದಿದ್ದಾರೆ. ಆರೋಗ್ಯ ವಿಮೆಯ ಯೋಜನೆಗಳು ಪಂಪಿನ ಖರ್ಚನ್ನೂ ಭರಿಸಬೇಕು. ಕೊರತೆಗಳೂ ಇವೆ: ಕೆಲಸದಿಂದ ಪೂರ್ತಿ ಬಿಡುಗಡೆ ಕೊಟ್ಟಿದ್ದರೆ ಆ ಹೊತ್ತಿಗೆ ಸಂಬಳ ಕೊಡಲೇಬೇಕೆಂದಿಲ್ಲ, 50ಕ್ಕಿಂತ ಕಡಿಮೆ ಜನರಿರುವ ಕಡೆ ತೀರಾ ಕಷ್ಟವೆಂದು ತೋರಿಸಿ ಮಾಲೀಕರು ತಪ್ಪಿಸಿಕೊಳ್ಳಲೂ ದಾರಿಯಿದೆ. ಭಾರತ, ಅಮೆರಿಕ ಎರಡರ ಕಾನೂನಿಗಿಂತಲೂ ನನಗೆ ಮೇಲೆನಿಸುವುದು ಜರ್ಮನಿಯ ಕ್ರಮ. ಅಲ್ಲಿ ಹೆರಿಗೆಗೆ ಮುಂಚೆ 6 ವಾರ, ಆಮೇಲೆ 8 ವಾರ ರಕ್ಷಣೆಯ ರಜೆ, ಅದರಾಚೆ ಬೇಕಾದರೆ ಮೂರು ವರ್ಷದವರೆಗೂ ಪೋಷಕರ ರಜೆ. ನಡುವೆ ಕೆಲಸಕ್ಕೆ ಬಂದರೆ ಮೊದಲ 12 ತಿಂಗಳು ದಿನಕ್ಕೆ ಕನಿಷ್ಠ ಅರ್ಧರ್ಧ ಗಂಟೆಯಂತೆ ಎರಡು ಬಾರಿ, ಇಲ್ಲವೇ ಒಂದೇ ಸಲಕ್ಕೆ ಒಂದು ಗಂಟೆ, ಸಂಬಳ ಕಡಿತವಿಲ್ಲದ ಬಿಡುವು. ವೈದ್ಯರು ಚೀಟಿ ಬರೆದರೆ ಔಷಧಿ ಅಂಗಡಿಯಲ್ಲಿ ಪಂಪು ಬಾಡಿಗೆಗೆ ಸಿಗುತ್ತದೆ.

ನಮ್ಮ ಕಾನೂನಿನಲ್ಲೂ ಕೂಸಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವುಗಳಿವೆ. ಅವಧಿ ಎಷ್ಟು? ಗಣಿ ಕೆಲಸದವರಿಗಾಗಿ ಮಾಡಿದ 1963ರ ಕೇಂದ್ರ ನಿಯಮಾವಳಿಯಲ್ಲಿ ತಲಾ 15 ನಿಮಿಷ. ಪಕ್ಕದ ಕೋಣೆಯಲ್ಲಿರುವ ಕೂಸಿಗೆ ಹಾಲೂಡಿಸಲು ಅದು ಹೇಗೋ ಸಾಲಬಹುದು. ಪಂಪು ಜೋಡಿಸಿ, ಎರಡೂ ಕಡೆ ಹಾಲು ತೆಗೆದು, ಮುಚ್ಚಿ ತಂಪಿಗಿಟ್ಟು, ಬಿಡಿಭಾಗ ತೊಳೆದು ಬರಲು ಅರ್ಧ ಗಂಟೆ ಬೇಕೇ ಬೇಕು. 50 ಅಥವಾ ಹೆಚ್ಚು ಜನರಿರುವ ಕಡೆ ಕ್ರೆಶ್, ಅಂದರೆ ದುಡಿಯುವವರ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಎಂಬುದು 2017ರ ತಿದ್ದುಪಡಿಯ ದೊಡ್ಡ ಹೆಜ್ಜೆ. ಕಾರ್ಖಾನೆಗಳಲ್ಲಂತೂ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಕ್ರೆಶ್ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ತಾಯಿ ಬೆಳಗಿನ ನೂಕುನುಗ್ಗಲಿನ ಬಸ್ಸಿನಲ್ಲಿ, ಊಟದ ಡಬ್ಬಿಯ ಜೊತೆ ಐದು ತಿಂಗಳ ಕೂಸನ್ನೂ ಹೊತ್ತು ತರುವುದು ಹೇಗೆ? ಹೊರ ವರ್ತುಲ ರಸ್ತೆಯ ಐಟಿ ಕಚೇರಿಗೆ ಹೋಗಿಬರಲು ಮೂರು ಗಂಟೆ ಹಿಡಿಯುವಾಗ ಕೂಸನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಲು ಯಾವ ತಾಯಿ ಒಪ್ಪುತ್ತಾಳೆ? ಹಳ್ಳಿಯಲ್ಲಿ ಕೆಲಸವೂ ಮನೆಯೂ ಹತ್ತಿರ, ಅಲ್ಲಿ ಕ್ರೆಶ್ ಸರಿಯಾದ ಉತ್ತರ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಕರ್ನಾಟಕ ಸರ್ಕಾರ 2023ರ ಬಜೆಟ್ಟಿನಲ್ಲಿ ಹೇಳಿದ್ದು ಆ ಕಾರಣಕ್ಕೆ ಒಳ್ಳೆಯ ಯೋಚನೆ. ನಗರದಲ್ಲಿ ಕೂಸು ಬರಲಾರದು, ಹಾಲೇ ಮನೆಗೆ ಹೋಗಬೇಕು. ನಮ್ಮ ಕಾನೂನಿನಲ್ಲಿ ಹಾಲು ತೆಗೆಯುವ ಕೋಣೆ ಎಂಬ ಮಾತೇ ಇಲ್ಲ. ಹೀಗಾಗಿ ಶೌಚಾಲಯದ ಕಮೋಡಿನ ಮೇಲೆ ಕೂತು ಹಾಲು ತೆಗೆಯುವ, ತೆಗೆದದ್ದನ್ನು ಸಿಂಕಿಗೆ ಚೆಲ್ಲುವ ಗತಿ ನಮ್ಮ ಹೆಣ್ಣುಮಕ್ಕಳಿಗೆ ಬಂದಿದೆ. ಊಟ ಮಾಡಲು ಒಲ್ಲದ ಜಾಗದಲ್ಲಿ ಕೂಸಿನ ಊಟ ತಯಾರಾಗಬಾರದು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಹಾಗಾಗಿ ಇಲ್ಲಿಯ ತಾಯಂದಿರು ರೂಢಿಸಿಕೊಂಡ ಕ್ರಮವನ್ನು ನಮ್ಮ ಊರಿನ ಬಿಸಿಲು, ಕರೆಂಟು, ಮನೆವಾರ್ತೆಗೆ ಹೊಂದಿಸಿ ಹೇಳುತ್ತೇನೆ.

ಎಷ್ಟು ಹಾಲು ಬೇಕು ಎಂಬುದೇ ಎಲ್ಲರ ಮೊದಲ ಭಯ. ಒಂದು ತಿಂಗಳಿಂದ ಆರು ತಿಂಗಳವರೆಗೆ ಎದೆಹಾಲು ಕುಡಿಯುವ ಕೂಸಿಗೆ ದಿನಕ್ಕೆ ಸುಮಾರು 750 ಮಿ.ಲೀ. ಬೇಕು. ಕೆಲವಕ್ಕೆ 600 ಸಾಕು, ಕೆಲವಕ್ಕೆ 900 ಬೇಕು. ಡಬ್ಬಿ ಹಾಲಿನ ಹಾಗೆ ತಿಂಗಳು ತಿಂಗಳಿಗೆ ಇದರ ಅಳತೆ ಏರುತ್ತಾ ಹೋಗುವುದಿಲ್ಲ. ಕೂಸಿನಿಂದ ದೂರವಿರುವ ಪ್ರತಿ ಗಂಟೆಗೆ 30ರಿಂದ 45 ಮಿ.ಲೀ. ಎಂದು ಹಿಡಿಯಿರಿ. ಆಫೀಸಿನ ಗಂಟೆ ಎಣಿಸಿದರೆ ಸಾಲದು, ಮನೆಯ ಹೊಸ್ತಿಲಿಂದ ಹೊಸ್ತಿಲಿಗೆ ಎಣಿಸಬೇಕು. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂಬತ್ತೂವರೆ ಗಂಟೆಯಾಗುವ ದಿನ ಬೆಂಗಳೂರಿನಲ್ಲಿ ಹನ್ನೊಂದು ಗಂಟೆಯಾಗುತ್ತದೆ. ಹನ್ನೊಂದು ಗಂಟೆಗೆ 330ರಿಂದ 495 ಮಿ.ಲೀ. ಅದನ್ನು 60, 90, 120ರ ಪಾಲುಗಳಾಗಿ ಇಟ್ಟರೆ ಚೆಲ್ಲುವುದು ಕಡಿಮೆ. ಒಂದೇ ಬಾಟಲಿಗೆ 200 ತುಂಬಿಟ್ಟರೆ ಕೂಸು 80 ಕುಡಿದು ಮಲಗುತ್ತದೆ, ಬಾಯಿಟ್ಟ ಉಳಿಕೆ ಎರಡು ಗಂಟೆಯಾಚೆ ಕೆಲಸಕ್ಕೆ ಬಾರದು.

ಫ್ರೀಜರ್ ತುಂಬ ಹಾಲಿನ ಚೀಲ ಜೋಡಿಸಿಟ್ಟ ಫೋಟೋಗಳನ್ನು ನೋಡಿ ಕಂಗಾಲಾಗಬೇಡಿ. ಎರಡು ದಿನದ ಅಗತ್ಯ, ಅಂದರೆ ಹೆಚ್ಚೆಂದರೆ ಒಂದು ಲೀಟರ್, ಕೈಯಲ್ಲಿದ್ದರೆ ಸಾಕು. ಕೆಲಸಕ್ಕೆ ಹೋಗುವ ಮೂರು ವಾರ ಮುಂಚಿನಿಂದ ಬೆಳಗಿನ ಮೊದಲ ಹಾಲೂಡಿಕೆಯಾದ ಮುಕ್ಕಾಲು ಗಂಟೆ, ಒಂದು ಗಂಟೆಯ ಮೇಲೆ ಒಮ್ಮೆ ತೆಗೆಯಿರಿ. ಕೂಸು ಕುಡಿದ ಮೇಲೆ ತೆಗೆದರೆ 15ರಿಂದ 60 ಮಿ.ಲೀ. ಬಂದರೆ ಅದು ಸಹಜ, ಹಾಲು ಕಡಿಮೆ ಎಂಬುದರ ಗುರುತಲ್ಲ. ಒಂದು ಹೊತ್ತಿನ ಹಾಲೂಡಿಕೆ ತಪ್ಪಿದಾಗ ತೆಗೆದರೆ 60ರಿಂದ 120 ಬರುತ್ತದೆ. ಕೆಲಸ ಶುರುಮಾಡುವ ದಿನವನ್ನು ಬುಧವಾರವೋ ಗುರುವಾರವೋ ಇಟ್ಟುಕೊಳ್ಳಿ. ಎರಡು ದಿನದಲ್ಲಿ ಎಲ್ಲಿ ಎಡವಿತು ಎಂದು ಗೊತ್ತಾಗುತ್ತದೆ, ತಿದ್ದಿಕೊಳ್ಳಲು ಶನಿವಾರ, ಭಾನುವಾರ ಇರುತ್ತವೆ.

ದಿನದ ಕ್ರಮ ಹೀಗಿರಬಹುದು. ಹೊರಡುವ ಮುನ್ನ ಎದೆಗೆ ಹಾಕಿಕೊಳ್ಳುವುದು, ಆಫೀಸಿನಲ್ಲಿ ಹತ್ತೂವರೆ, ಒಂದೂವರೆ, ನಾಲ್ಕೂವರೆಗೆ ತೆಗೆಯುವುದು, ಮನೆಗೆ ಬಂದ ಕೂಡಲೇ ಮತ್ತೆ ಎದೆಗೆ. ಸಂಜೆ ಐದಕ್ಕೆ ಅಜ್ಜಿ ಮೊಮ್ಮಗುವಿಗೆ ಹೊಟ್ಟೆತುಂಬ ಕುಡಿಸಿಬಿಟ್ಟರೆ ಆರೂವರೆಗೆ ಎದೆ ಬಿಗಿದು ಬರುವ ತಾಯಿಗೆ ನಿದ್ದೆ ಹೋದ ಕೂಸು ಸಿಗುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ: ತಾಯಿ ಬರಲು ಒಂದು ಗಂಟೆಯಿದೆ ಎಂದಾಗ 30 ಮಿ.ಲೀ. ಕೊಟ್ಟು ಸಮಾಧಾನ ಮಾಡಿದರೆ ಸಾಕು. ಹಗಲು ಕಡಿಮೆ ಕುಡಿದು ರಾತ್ರಿಯೆಲ್ಲ ಎದೆ ಬಿಡದ ಕೂಸುಗಳೂ ಉಂಟು. ತೂಕ ಏರುತ್ತಿದ್ದರೆ, ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ ಗಾಬರಿ ಬೇಡ.

ಹಾಲು ಕಡಿಮೆಯಾಗುವುದಕ್ಕೆ ಮುಖ್ಯ ಕಾರಣ ಎದೆ ತುಂಬಿಯೇ ಇರುವುದು. ತುಂಬಿದ ಎದೆ ಹೊಸ ಹಾಲಿನ ತಯಾರಿಕೆಯನ್ನು ತಾನೇ ತಗ್ಗಿಸುತ್ತದೆ. ಮೀಟಿಂಗ್ ಇತ್ತು ಎಂದು ಒಂದು ಹೊತ್ತು ಬಿಟ್ಟರೆ ಆ ದಿನ ಎದೆ ಕಟ್ಟಿ ನೋಯುತ್ತದೆ, ವಾರವಿಡೀ ಬಿಟ್ಟರೆ ಹಾಲೇ ಇಳಿಮುಖವಾಗುತ್ತದೆ. ಮೆಂತ್ಯ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಅಂಟಿನ ಉಂಡೆ ತಿನ್ನಬೇಡಿ ಎನ್ನುವುದಿಲ್ಲ, ಬಾಣಂತಿಯ ಮೈಗೆ ಆರೈಕೆ ಬೇಕು. ಆದರೆ ಎದೆ ಖಾಲಿಯಾಗದೆ ಯಾವ ಸೊಪ್ಪೂ ಹಾಲು ತುಂಬಿಸದು. ಬಾಣಂತಿ ನೀರು ಕುಡಿಯಬಾರದು, ಕುಡಿದರೆ ಮೈ ಬಾವು ಬರುತ್ತದೆ ಎಂದು ಅಳತೆ ಹಾಕಿ ಕೊಡುವ ರೂಢಿಯನ್ನು ಮಾತ್ರ ಬಿಟ್ಟುಬಿಡಬೇಕು. ಬಾಯಾರಿದಷ್ಟೂ ಕುಡಿಯಲಿ.

ಈಗ ಪಂಪು. ಎರಡೂ ಕಡೆ ಒಟ್ಟಿಗೆ ತೆಗೆಯುವ ವಿದ್ಯುತ್ ಪಂಪಿಗೆ 15ರಿಂದ 20 ನಿಮಿಷ ಸಾಕು. ಮೊದಲು ಹಗುರಾಗಿ, ಬೇಗಬೇಗ ಎಳೆಯುವ ಹಂತ, ಹಾಲು ಇಳಿದ ಮೇಲೆ ನಿಧಾನವಾಗಿ, ಆಳವಾಗಿ ಎಳೆಯುವ ಹಂತ. ಜೋರಾಗಿಟ್ಟಷ್ಟೂ ಹಾಲು ಹೆಚ್ಚು ಎಂಬುದು ತಪ್ಪು. ನೋವಾದರೆ ಹಾಲು ಇಳಿಯುವುದೇ ನಿಲ್ಲುತ್ತದೆ. ನೋವಿಲ್ಲದ ಮಟ್ಟದಲ್ಲಿ ಎಷ್ಟು ಎತ್ತರಕ್ಕೆ ಹೋಗಬಹುದೋ ಅಷ್ಟಕ್ಕೆ ನಿಲ್ಲಿಸಿ. ಎದೆಗೆ ಹಿಡಿಯುವ ಆಲಿಕೆಯಾಕಾರದ ಭಾಗಕ್ಕೆ ಫ್ಲ್ಯಾಂಜ್ ಎನ್ನುತ್ತಾರೆ, ಅಳತೆ ತಪ್ಪುವುದು ಹೆಚ್ಚಾಗಿ ಅದರಲ್ಲಿ. ಡಬ್ಬಿಯ ಜೊತೆ ಬರುವುದು ಸಾಮಾನ್ಯವಾಗಿ 24 ಅಥವಾ 28 ಮಿ.ಮೀ. ಮೊಲೆತೊಟ್ಟಿನ ಬುಡದ ಅಗಲವನ್ನು ಸ್ಕೇಲಿನಲ್ಲಿ ಅಳೆದು, ಅದಕ್ಕೆ ಹೆಚ್ಚೆಂದರೆ 3 ಮಿ.ಮೀ. ಸೇರಿಸಿದರೆ ನಿಮ್ಮ ಅಳತೆ ಸಿಗುತ್ತದೆ. ತೊಟ್ಟು ಮಾತ್ರ ಕೊಳವೆಯಲ್ಲಿ ಹಿಂದೆ ಮುಂದೆ ಆಡಬೇಕು. ಸುತ್ತಲಿನ ಕಪ್ಪು ಭಾಗವೂ ಒಳಗೆ ಎಳೆದುಕೊಂಡು ಹೋಗುತ್ತಿದ್ದರೆ ಅದು ದೊಡ್ಡದು, ತೊಟ್ಟು ಗೋಡೆಗೆ ಉಜ್ಜಿ ಕೆಂಪಾಗುತ್ತಿದ್ದರೆ, ಬೆಳ್ಳಗಾಗುತ್ತಿದ್ದರೆ ಚಿಕ್ಕದು.

ಮೊನ್ನೆಯವರೆಗೆ 100 ಬರುತ್ತಿತ್ತು, ಈಗ 50 ಬರುತ್ತಿದೆ ಎಂದರೆ ಹಾಲು ಬತ್ತಿತೆಂದು ಅಳುವ ಮುಂಚೆ ವಾಲ್ವ್ ನೋಡಿ. ಬಾತುಕೋಳಿಯ ಕೊಕ್ಕಿನಂತಿರುವ ಆ ಪುಟ್ಟ ಸಿಲಿಕೋನ್ ತುಣುಕಿನ ತುದಿಯಲ್ಲಿ ಒಂದು ಸೀಳಿರುತ್ತದೆ. ಬೆಳಕಿಗೆ ಹಿಡಿದು ನೋಡಿದಾಗ ಸೀಳು ಪೂರ್ತಿ ಮುಚ್ಚಿರಬೇಕು. ಬಾಯಿ ಸ್ವಲ್ಪ ತೆರೆದಿದ್ದರೆ ಗಾಳಿ ಸೋರಿ ಸೆಳೆತ ಬೀಳುತ್ತದೆ. ಬ್ರಷ್ ಹಾಕಿ ತಿಕ್ಕಿದರೆ ಸೀಳು ಬೇಗ ಹರಿಯುತ್ತದೆ, ಬೆರಳಲ್ಲಿ ಸೋಪುನೀರು ಸವರಿ ತೊಳೆದರೆ ಸಾಕು. ದಿನಕ್ಕೆ ಮೂರು ಸಲ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಬದಲಿಸಬೇಕು. ಅಮೆರಿಕದಿಂದ ಅತ್ತಿಗೆಗೋ ತಂಗಿಗೋ ಪಂಪು ಒಯ್ಯುವ ನಮ್ಮವರು ಇದನ್ನು ನೆನಪಿಡಿ. ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿ, 120 ಎಂದಷ್ಟೇ ಇದ್ದರೆ ಊರಿನ 230 ವೋಲ್ಟಿಗೆ ಸುಟ್ಟುಹೋಗುತ್ತದೆ. ಜೊತೆಗೆ ನಾಲ್ಕು ಜೊತೆ ವಾಲ್ವ್ ಇಟ್ಟು ಕೊಡಿ, ಆ ಮಾದರಿಯ ಬಿಡಿಭಾಗ ಊರಲ್ಲಿ ಸಿಗದೆ ಯಂತ್ರ ಮೂಲೆಗೆ ಬೀಳುವುದು ತಪ್ಪುತ್ತದೆ. ಹಾಲು ಕೊಳವೆಯೊಳಗೆ ನುಗ್ಗುವಂಥ ಪಂಪಾದರೆ ಇನ್ನೊಬ್ಬರು ಬಳಸಿದ್ದನ್ನು ಕೊಡಬೇಡಿ, ಮೋಟಾರಿನೊಳಗೆ ಹೊಕ್ಕ ಹಾಲು ತೊಳೆಯಲಾಗದು.

ಪಂಪಿಲ್ಲದವರಿಗೆ ಕೈಯೇ ಇದೆ. ಗದಗದ ಶಾಲೆಯ ಶಿಕ್ಷಕಿಗೋ ಅಂಗಡಿಯಲ್ಲಿ ನಿಂತು ದುಡಿಯುವವಳಿಗೋ ಇದೇ ಹೆಚ್ಚು ಉಪಯೋಗ. ಕೈ ತೊಳೆದು, ಹೆಬ್ಬೆರಳನ್ನು ಮೇಲೆ, ಉಳಿದ ಬೆರಳನ್ನು ಕೆಳಗೆ, ತೊಟ್ಟಿನಿಂದ ಎರಡು ಬೆರಳಿನಷ್ಟು ಹಿಂದೆ ಇಡಿ. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅದುಮಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನೇ ಹಿಡಿದು ಎಳೆಯಬಾರದು. ಮೊದಲ ಒಂದೆರಡು ನಿಮಿಷ ಬರೀ ಹನಿ, ಹಾಲು ಇಳಿದ ಮೇಲೆ ಎಳೆ ಎಳೆಯಾಗಿ ಚಿಮ್ಮುತ್ತದೆ. ಧಾರೆ ಸಣ್ಣಗಾದಾಗ ಬೆರಳನ್ನು ಸುತ್ತ ತಿರುಗಿಸುತ್ತಾ ಬೇರೆ ಜಾಗ ಒತ್ತಿ.

ತೆಗೆದ ಹಾಲು ಎಷ್ಟು ಹೊತ್ತು ತಡೆಯುತ್ತದೆ ಎಂಬುದರಲ್ಲಿ ಅಮೆರಿಕದ ಸೂಚನೆಯ ಚೀಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಹೊರಗೆ ನಾಲ್ಕು ಗಂಟೆ ಎಂದು ಅದರಲ್ಲಿರುವುದು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ಕೋಣೆಗೆ. ಏಪ್ರಿಲಿನ ಕಲಬುರಗಿ, ರಾಯಚೂರಿನಲ್ಲಿ ಆ ಲೆಕ್ಕ ನಡೆಯದು, ತೆಗೆದ ಕೂಡಲೇ ತಂಪಿಗಿಡಿ. ಐಸ್ ಪ್ಯಾಕ್ ಇಟ್ಟ ದಪ್ಪ ತಂಪುಚೀಲದಲ್ಲಿ 24 ಗಂಟೆ, 4 ಡಿಗ್ರಿಯ ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ ಆರು ತಿಂಗಳು ಉತ್ತಮ. ಬಾಗಿಲಿನ ಶೆಲ್ಫ್ ಬೇಡ, ತೆರೆದಾಗಲೆಲ್ಲ ಅಲ್ಲಿ ಬಿಸಿಗಾಳಿ ಬಡಿಯುತ್ತದೆ. ಕರೆಂಟು ಹೋಗಿಬರುವ ಊರಲ್ಲಿ ಫ್ರೀಜರಿನ ಮೇಲೆ ಭಾರ ಹಾಕುವುದಕ್ಕಿಂತ ಇಂದು ತೆಗೆದದ್ದು ನಾಳೆಗೆ ಎಂಬ ಸರಪಳಿ ಮೇಲು. ಶುಕ್ರವಾರದ ಹಾಲು ಸೋಮವಾರಕ್ಕೆ ಆರಾಮಾಗಿ ಉಳಿಯುತ್ತದೆ. ಆಫೀಸಿನ ಪ್ಯಾಂಟ್ರಿ ಫ್ರಿಜ್ಜಿನಲ್ಲಿ ಇಡಲು ಸಂಕೋಚವಾದರೆ ಹೊರಗಿನಿಂದ ಕಾಣದ ಡಬ್ಬಿಯೊಳಗೆ ಬಾಟಲಿಗಳನ್ನಿಟ್ಟು ಹೆಸರು, ದಿನಾಂಕ ಬರೆದರಾಯಿತು. ಆಗ ತಾನೇ ತೆಗೆದ ಬೆಚ್ಚನೆಯ ಹಾಲನ್ನು ತಣ್ಣಗಾದ ಹಳೆಯ ಹಾಲಿಗೆ ಸುರಿಯಬೇಡಿ, ಮೊದಲು ಬೇರೆಯಾಗಿ ತಣಿಸಿ ಆಮೇಲೆ ಸೇರಿಸಿ. ಫ್ರೀಜರಿಗಿಡುವ ಬಾಟಲಿಯ ಮೇಲ್ಭಾಗದಲ್ಲಿ ಒಂದು ಇಂಚು ಖಾಲಿ ಬಿಡಿ. ಕರಗಿಸಿದ ಹಾಲು ಫ್ರಿಜ್ಜಿನಲ್ಲಿ 24 ಗಂಟೆ ಮಾತ್ರ, ಮತ್ತೆ ಫ್ರೀಜ್ ಮಾಡುವಂತಿಲ್ಲ.

ಕೆಲವರ ಹಾಲು ಫ್ರಿಜ್ಜಿನಲ್ಲಿಟ್ಟ ಮೇಲೆ ಸೋಪಿನ ವಾಸನೆ ಹಿಡಿಯುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದು ಇದಕ್ಕೆ ಕಾರಣ ಎನ್ನುತ್ತಾರೆ. ಹಾಲು ಕೆಟ್ಟಿರುವುದಿಲ್ಲ, ಕೂಸು ಕುಡಿದರೆ ಕುಡಿಯಲಿ. ಮುಖ ತಿರುಗಿಸಿದರೆ, ತೆಗೆದ ತಕ್ಷಣ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವವರೆಗೆ ಮಾತ್ರ ಕಾಯಿಸಿ, ಕುದಿಯುವ ಮುಂಚೆ ಇಳಿಸಿ, ತಣಿಸಿ ಇಡಬೇಕು. ಇದು ಆ ಒಂದು ತೊಂದರೆಗೆ ಮಾತ್ರ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿಗೆ ಬಾಣಂತನಕ್ಕೆ ಬರುವ ಅಮ್ಮ, ಅತ್ತೆಯರು, ಊರಿನ ಅಜ್ಜಿಯರು ಹಾಲು ಎಂದ ಕೂಡಲೇ ಒಲೆಯ ಮೇಲಿಟ್ಟು ಉಕ್ಕಿಸುತ್ತಾರೆ. ಹಸುವಿನ ಹಾಲಿಗೆ ಅದು ಸರಿ. ಎದೆಹಾಲನ್ನು ಕುದಿಸಿದರೆ ಕೂಸನ್ನು ಸೋಂಕಿನಿಂದ ಕಾಯುವ ಅಂಶಗಳೇ ಹಾಳಾಗುತ್ತವೆ. ಬಾಟಲಿಯನ್ನು ಬೆಚ್ಚನೆಯ ನೀರಿನ ಬಟ್ಟಲಲ್ಲಿಟ್ಟು, ಮೇಲೆ ತೇಲಿದ ಕೆನೆ ಬೆರೆಯುವಂತೆ ಮೆಲ್ಲಗೆ ತಿರುಗಿಸಿ, ಮುಂಗೈ ಮೇಲೆ ಹನಿ ಬಿಟ್ಟು ನೋಡಿದರೆ ಸಾಕು. ಮೈಕ್ರೋವೇವ್ ಬೇಡವೇ ಬೇಡ, ನಡುವೆ ಅಲ್ಲಲ್ಲಿ ಸುಡುವಷ್ಟು ಕಾದು ಕೂಸಿನ ಬಾಯಿ ಸುಡುತ್ತದೆ. ಅಜ್ಜಿಗೆ ಇದನ್ನು ಕೆಲಸಕ್ಕೆ ಹೊರಡುವ ಬೆಳಿಗ್ಗೆ ಗಡಿಬಿಡಿಯಲ್ಲಿ ಹೇಳಿದರೆ ನಾಟುವುದಿಲ್ಲ. ವಾರ ಮುಂಚೆ ಕೂತು, ಅವರ ಕೈಯಿಂದಲೇ ಎರಡು ಸಲ ಮಾಡಿಸಿ, "ಅಮ್ಮಾ, ನೀವು ಹೀಗೆ ಮಾಡಿದರೆ ನಾನು ನಿಶ್ಚಿಂತೆಯಿಂದ ಇರ್ತೀನಿ" ಎಂದು ಹೇಳಿ. ತೆಗೆದಿಟ್ಟ ಹಾಲು ತಂಗಳು, ದೃಷ್ಟಿಯಾಗುತ್ತದೆ ಎಂಬ ಮಾತು ಬಂದರೆ ಜಗಳಕ್ಕಿಳಿಯಬೇಡಿ, ಮಕ್ಕಳ ವೈದ್ಯರ ಬಾಯಿಂದಲೇ ಹೇಳಿಸಿ.

ಕುಡಿಸುವ ಬಗೆಯಲ್ಲಿ ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ಸಾಧನ ಮೊದಲಿಂದಲೂ ಇದೆ. ಬಾಟಲಿಗೆ ಒಗ್ಗದ ಕೂಸಿಗೆ ಬೆಳ್ಳಿಯ ಅಥವಾ ಸ್ಟೀಲಿನ ಒಳಲೆ. ನಿಪ್ಪಲ್ಲಿನ ಮೂಲೆಗಳಲ್ಲಿ ಹಾಲು ಕಟ್ಟಿಕೊಳ್ಳುವ ಕಾಟವಿಲ್ಲ, ತೊಳೆಯುವುದು ಸುಲಭ, ಎದೆ ಬಿಟ್ಟು ಬಾಟಲಿಗೆ ಅಂಟಿಕೊಳ್ಳುವ ಭಯವೂ ಇಲ್ಲ. ಆದರೆ ಕಾಲು ಚಾಚಿ, ಕೂಸನ್ನು ಅಂಗಾತ ಮಲಗಿಸಿ, ಗಂಟಲಿಗೆ ಸುರಿಯುವುದು ಅಪಾಯ. ನೆತ್ತಿಗೇರಿ ಹಾಲು ಶ್ವಾಸಕೋಶಕ್ಕೆ ಹೋಗಬಹುದು. ಎಚ್ಚರವಾಗಿರುವ ಕೂಸನ್ನು ಮಡಿಲಲ್ಲಿ ಅರ್ಧ ನೆಟ್ಟಗೆ ಕೂರಿಸಿ, ಕುತ್ತಿಗೆಗೆ ಅಂಗೈ ಕೊಟ್ಟು, ಒಳಲೆಯ ಮೂತಿಯನ್ನು ಕೆಳತುಟಿಯ ಮೇಲೆ ಇಟ್ಟು, ಹಾಲು ತುಟಿಗೆ ತಾಗುವಷ್ಟು ಮಾತ್ರ ಬಾಗಿಸಿ. ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು. ಚೆಲ್ಲಿದ್ದನ್ನು ಲೆಕ್ಕಕ್ಕೆ ಹಿಡಿಯಿರಿ, ಒಳಲೆಯಲ್ಲಿ ಸ್ವಲ್ಪ ಚೆಲ್ಲುತ್ತದೆ. ಬಾಟಲಿಯೇ ಆದರೂ ಇದೇ ರೀತಿ: ನಿಧಾನ ಹರಿವಿನ ನಿಪ್ಪಲ್, ನೆಟ್ಟಗೆ ಕೂತ ಕೂಸು, ಅಡ್ಡಡ್ಡ ಹಿಡಿದ ಬಾಟಲಿ, ನಡುನಡುವೆ ಬಿಡುವು, 15 ನಿಮಿಷವಾದರೂ ಹಿಡಿಯಲಿ. ಅಭ್ಯಾಸ ಮಾಡಿಸುವಾಗ ತಾಯಿ ಆ ಕೋಣೆಯಲ್ಲಿ ಇರಬಾರದು, ವಾಸನೆ ಹಿಡಿದ ಕೂಸು ಬೇರೇನನ್ನೂ ಒಪ್ಪದು.

ತೊಳೆಯುವ ವಿಷಯ ಚುರುಕಾಗಿ ಹೇಳಿಬಿಡುತ್ತೇನೆ. ಆಫೀಸಿನ ಸಿಂಕಿನ ತಳಕ್ಕೆ ಭಾಗಗಳು ತಾಗಬಾರದು, ಅದಕ್ಕೆಂದೇ ಒಂದು ಪುಟ್ಟ ಬೇಸನ್ ಮತ್ತು ಬೇರೆ ಬ್ರಷ್ ಇರಲಿ. ತಣ್ಣೀರಲ್ಲಿ ಜಾಲಾಡಿ, ಸೋಪಿನ ಬಿಸಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಿಸಿ. ತೊಳೆಯಲು ಜಾಗವೇ ಇಲ್ಲದವರು ಮೂರು ಹೊತ್ತಿಗೆ ಮೂರು ಸೆಟ್ ಒಯ್ಯುವುದು ಸರಿ. ಕೂಸು ಎರಡು ತಿಂಗಳಿಗಿಂತ ಚಿಕ್ಕದಾದರೆ, ದಿನ ತುಂಬದೆ ಹುಟ್ಟಿದ್ದಾದರೆ ದಿನಕ್ಕೊಮ್ಮೆ ಐದು ನಿಮಿಷ ಕುದಿಸಿ.

ಎದೆಯಲ್ಲಿ ಗಂಟು ಕಟ್ಟಿ ನೋವಾದರೆ ಸುಡುನೀರಿನ ಶಾಖ ಕೊಟ್ಟು, ಎಣ್ಣೆ ಹಚ್ಚಿ ಗಟ್ಟಿಯಾಗಿ ತೀಡುವುದು ನಮ್ಮಲ್ಲಿ ರೂಢಿ. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆ 2022ರಲ್ಲಿ ತಿದ್ದಿದ ಮಾರ್ಗಸೂಚಿ ಇದಕ್ಕೆ ವಿರುದ್ಧ. ಗಟ್ಟಿ ತೀಡಿದರೆ ಒಳಗಿನ ಬಾವು ಹೆಚ್ಚುತ್ತದೆ, ಪೂರ್ತಿ ಖಾಲಿ ಮಾಡುವ ಹಟದಿಂದ ಮತ್ತೆ ಮತ್ತೆ ತೆಗೆದರೆ ಹಾಲು ಇನ್ನೂ ಉಕ್ಕುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್, ವೈದ್ಯರನ್ನು ಕೇಳಿ ನೋವಿನ ಮಾತ್ರೆ, ಎಂದಿನಷ್ಟೇ ಹಾಲೂಡಿಕೆ. ಜ್ವರ, ನಡುಕ, ಕೆಂಪು 24 ಗಂಟೆಯಲ್ಲಿ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು. ಆಗಲೂ ಹಾಲು ಬಿಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ.

ಎಚ್‌ಆರ್‌ಗೆ ಬರೆಯುವ ಪತ್ರವನ್ನು ರಜೆಗೆ ಹೋಗುವ ಮುಂಚೆಯೇ ಬರೆಯಿರಿ, ಮರಳುವ ತಿಂಗಳು ಮುಂಚೆ ನೆನಪಿಸಿ. ಏನು ಬೇಕೆಂದು ಬಿಡಿಬಿಡಿಯಾಗಿ ಹೇಳಿ: ಒಳಗಿನಿಂದ ಚಿಲಕ ಹಾಕುವ, ಸಿಸಿಟಿವಿ ಇಲ್ಲದ ಕೋಣೆ, ಒಂದು ಕುರ್ಚಿ, ಮೇಜು, ಪ್ಲಗ್ ಪಾಯಿಂಟ್, ಹತ್ತಿರದಲ್ಲಿ ನಲ್ಲಿ, ಫ್ರಿಜ್ಜಿನ ಒಂದು ಮೂಲೆ, ಮೂರು ಹೊತ್ತು ತಲಾ ಅರ್ಧ ಗಂಟೆ. ಕ್ಯಾಲೆಂಡರಿನಲ್ಲಿ ಆ ಹೊತ್ತನ್ನು ಮೊದಲೇ ಕಟ್ಟಿಹಾಕಿ. ಕಾನೂನಿನ ಎರಡು ಬಿಡುವು, 15 ತಿಂಗಳ ಮಾತು ಎರಡನ್ನೂ ಉಲ್ಲೇಖಿಸಿ. ಕೆಲಸದ ಸ್ವರೂಪ ಒಪ್ಪಿದರೆ ರಜೆ ಮುಗಿದ ಮೇಲೆ ಪರಸ್ಪರ ಒಪ್ಪಿಗೆಯಿಂದ ಮನೆಯಿಂದ ಕೆಲಸ ಮಾಡಲು 2017ರ ತಿದ್ದುಪಡಿಯಲ್ಲೇ ಅವಕಾಶವಿದೆ, ಅದನ್ನೂ ಕೇಳಿ. ಕ್ರೆಶ್ ಕಟ್ಟುವುದಕ್ಕೆ ಹೋಲಿಸಿದರೆ ಒಂದು ಕೋಣೆಗೆ ಚಿಲಕ ಹಾಕಿಸುವ ಖರ್ಚು ಏನೇನೂ ಅಲ್ಲ. ಕರ್ನಾಟಕ ಸರ್ಕಾರ ತನ್ನ ನಿಯಮಾವಳಿಯಲ್ಲಿ ಇಷ್ಟನ್ನು ಬರೆಯಲಿ: 50 ಜನರಿರುವ ಪ್ರತಿ ಕಡೆ ಶೌಚಾಲಯವಲ್ಲದ ಒಂದು ಕೋಣೆ, ಒಂದು ಫ್ರಿಜ್ಜು, 15ರ ಬದಲು 30 ನಿಮಿಷ, ಸಂಬಳ ಕಡಿತವಿಲ್ಲದೆ. ಗಾರ್ಮೆಂಟ್ಸ್‌ನಲ್ಲಿ ಪೀಸ್ ಲೆಕ್ಕದ ಗುರಿ ಇರುವ ಕಡೆ ಆ ಹೊತ್ತಿನ ಗುರಿಯನ್ನೂ ಇಳಿಸಬೇಕು, ಇಲ್ಲವಾದರೆ ಬಿಡುವು ಕಾಗದದಲ್ಲೇ ಉಳಿಯುತ್ತದೆ.

ಆರು ತಿಂಗಳಾಗಿ ರಾಗಿ ಸರಿ, ಬೇಳೆಕಟ್ಟು ಶುರುವಾದ ಮೇಲೆ ಹಗಲಿನ ಹಾಲು ತಾನೇ ತಗ್ಗುತ್ತದೆ. ಮೂರು ಹೊತ್ತು ಎರಡಾಗುತ್ತದೆ, ವರ್ಷ ತುಂಬುವಾಗ ಒಂದಾಗುತ್ತದೆ. ಒಂದೇ ದಿನ ಎಲ್ಲ ನಿಲ್ಲಿಸಿದರೆ ಎದೆ ಕಟ್ಟುತ್ತದೆ. ಒಂದು ಹೊತ್ತನ್ನು ದಿನಕ್ಕೆ ಎರಡೆರಡು ನಿಮಿಷ ಮೊಟಕು ಮಾಡುತ್ತಾ ವಾರದಲ್ಲಿ ಬಿಡಿ, ಮುಂದಿನದಕ್ಕೆ ಇನ್ನೊಂದು ವಾರ ಕೊಡಿ. ಬೆಳಿಗ್ಗೆ, ಸಂಜೆ, ರಾತ್ರಿ ಎದೆಗೆ ಹಾಕಿಕೊಳ್ಳುವುದು ಪಂಪು ಬಿಟ್ಟ ಮೇಲೂ ಎರಡು ವರ್ಷದವರೆಗೆ, ಬೇಕಾದರೆ ಅದರಾಚೆಗೂ, ನಡೆಯಲಿ.